ಖಾಲಿ ಎನ್ನದ ಮನುಷ್ಯ

ನಮ್ಮ ರಸ್ತೆಯಲ್ಲಿ ಎದುರುಮನೆಯ ತಾತನ ಮುಂದೆ ಯಾರೂ 'ಖಾಲಿ' ಎಂಬ ಮಾತು ಆಡುತ್ತಿರಲಿಲ್ಲ. ಗ್ಯಾಸ್ ಸಿಲಿಂಡರ್ 'ಮುಗಿದಿದೆ' ಎನ್ನುತ್ತಿದ್ದೆವು. ನೀರಿನ ಕ್ಯಾನು 'ಇನ್ನೊಂದು ಬೇಕು' ಎನ್ನುತ್ತಿದ್ದೆವು. ಬಾಡಿಗೆ ಮನೆ ತೆರವಾದರೆ 'ಟು ಲೆಟ್' ಬೋರ್ಡು ತೂಗುಹಾಕಿ ಸುಮ್ಮನಾಗುತ್ತಿದ್ದೆವು. ಮರೆತು ಯಾರಾದರೂ 'ಖಾಲಿ' ಎಂದುಬಿಟ್ಟರೆ ಮುಗಿಯಿತು. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದವರು ತಲೆಯೆತ್ತಿ ಕೇಳುತ್ತಿದ್ದರು:

"ನೋಡುದ್ರಾ?"

ನೋಡಿರಲಿಲ್ಲ ಎಂದರೆ ತಾವೇ ಎದ್ದು ಬಂದು ನೋಡುತ್ತಿದ್ದರು. "ಖಾಲಿ ಅನ್ನೋದ ಕಣ್ಣು ಯೋಳ್ಬೇಕು, ಬಾಯಲ್ಲ" ಎಂಬುದು ಅವರ ಗಾದೆ. ಯಾವ ಊರಿನ ಗಾದೆಯೋ ಗೊತ್ತಿಲ್ಲ, ಅವರೇ ಹೊಸೆದದ್ದಿರಬೇಕು. ಅವರು ತೀರಿಕೊಂಡು ಹೆಚ್ಚು ದಿನವಾಗಿಲ್ಲ. ಈಗ ಅವರ ಕುರ್ಚಿಯೂ ಅಲ್ಲಿಲ್ಲ, ಆದರೂ ನನ್ನ ಬಾಯಿಗೆ ಆ ಪದ ಬರುವುದಿಲ್ಲ.

ನಾನು ಗದಗಿನ ಕಡೆಯವಳು. ಯಲಹಂಕದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಕೆಲಸ ಸಿಕ್ಕಿ ಪುಟ್ಟೇನಹಳ್ಳಿಯಲ್ಲಿ ಮನೆ ಹಿಡಿದ ಮೊದಲ ವಾರವೇ ನಲ್ಲಿ ನೀರು ಕೈಕೊಟ್ಟಿತು. ನೆಲದಡಿಯ ನೀರಿನ ತೊಟ್ಟಿ, ಸಂಪು, ತೊಳೆಸಿ, ಮುಚ್ಚಳ ತೆರೆದಿಟ್ಟು, ಟ್ಯಾಂಕರ್ ತರಿಸಿದೆ. ಡ್ರೈವರ್ ಪೈಪು ಇಳಿಸುವ ಹೊತ್ತಿಗೆ ಎದುರುಮನೆಯಿಂದ ಉದ್ದನೆಯ ಮುದುಕರೊಬ್ಬರು ಸರಸರ ಬಂದರು. ಹೇಳದೆ ಕೇಳದೆ ನನ್ನ ಗೇಟು ತೆಗೆದರು. ಸಂಪಿನ ಪಕ್ಕ ಮಂಡಿಯೂರಿ, ಒಳಗೆ ತಲೆ ಹಾಕಿ ಕೇಳಿದರು: "ಊಟ ಆಯ್ತಾ?"

ಸಂಪು ಸುಮ್ಮನಿತ್ತು. ಅವರು ಇನ್ನಷ್ಟು ಮೆತ್ತಗೆ, ನೆಂಟರ ಮನೆಯ ಮಗುವನ್ನು ಕೇಳುವ ಹಾಗೆ, "ಊಟ ಆಯ್ತೇನಪ್ಪಾ?" ಎಂದು ಮತ್ತೆ ಕೇಳಿದರು. ಕಣ್ಣು ಕತ್ತಲೆಗೆ ಹೊಂದುವ ತನಕ ಕಾದು, ಮೂಲೆಮೂಲೆ ನೋಡಿ, ಎದ್ದು ಡ್ರೈವರಿಗೆ "ಬುಡು" ಎಂದರು.

ನನಗೆ ರೇಗಿತು. "ಏನ್ರೀ ಅಜ್ಜಾರ, ಸಂಪಿನ್ಯಾಗ ಯಾರಿಗೆ ಊಟ ಕೇಳಾಕತ್ತೀರಿ?" ಎಂದೆ.

"ಯಾರೂ ಇಲ್ಲ ಅಂತ ಗೊತ್ತಾಯ್ತಲ್ಲ ಟೀಚರಮ್ಮ" ಎಂದು ಮಂಡಿಯ ಧೂಳು ಕೊಡವಿಕೊಂಡು ಹೊರಟೇ ಹೋದರು. ಬಂದ ವಾರದಲ್ಲೇ ನಾನು ಟೀಚರೆಂದು ಅವರಿಗೆ ಹೇಗೆ ಗೊತ್ತಾಗಿತ್ತೋ. ತಲೆ ಸರಿಯಿಲ್ಲದ ಮುದುಕನ ಎದುರಿಗೇ ಮನೆ ಸಿಕ್ಕಿತಲ್ಲ ಎಂದು ಆವತ್ತು ರಾತ್ರಿ ಫೋನಿನಲ್ಲಿ ಅವ್ವನ ಹತ್ತಿರ ಹೇಳಿಕೊಂಡೆ.

ಬೀದಿಯವರೆಲ್ಲ ಅವರನ್ನು 'ವ್ಯಾಗನ್ ತಾತ' ಎಂದು ಕರೆಯುತ್ತಿದ್ದರು. ಯಲಹಂಕದ ಹಳೇ ಊರಿನ ರೈತರ ಮನೆಯವರು. ಅಣ್ಣತಮ್ಮಂದಿರು ಹೊಲ ಉತ್ತರೆ ಇವರು ರೈಲ್ವೆಗೆ ಖಲಾಸಿಯಾಗಿ ಸೇರಿ, ಗೂಡ್ಸ್ ವ್ಯಾಗನ್ನುಗಳನ್ನು ಪರೀಕ್ಷಿಸುವ ಕೆಲಸದಲ್ಲೇ ನಿವೃತ್ತರಾದವರು. ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಚಕ್ರಕ್ಕೆ ಬಡಿದು ಸದ್ದು ಕೇಳುವುದು. ಠಣ್ ಎಂದರೆ ಗಟ್ಟಿ, ಠಪ್ ಎಂದರೆ ಬಿರುಕು. ಬಿರುಕಿದ್ದರೆ ವ್ಯಾಗನ್ನಿನ ಮೈಮೇಲೆ ಸೀಮೆಸುಣ್ಣದಲ್ಲಿ 'ಸಿಕ್' ಎಂದು ಬರೆದು, ಅದನ್ನು ಸಾಲಿನಿಂದ ಬಿಡಿಸಿ, ಕಾಯಿಲೆಯವರ ಹಳಿಗೆ ತಳ್ಳುತ್ತಿದ್ದರು. ಬಗ್ಗಿ ಕಿವಿಗೊಟ್ಟು ಬಗ್ಗಿ ಕಿವಿಗೊಟ್ಟು ಅವರ ಕತ್ತು ಬಲಕ್ಕೆ ವಾಲಿಕೊಂಡೇ ಇತ್ತು. ಮಾತಾಡಿಸಿದರೆ ನಮ್ಮ ಮಾತಿನಲ್ಲೂ ಎಲ್ಲಿ ಬಿರುಕಿದೆ ಎಂದು ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು.

ಅವರಿಗೆ ಪ್ರೀತಿಯಿದ್ದದ್ದು ಹಬೆ ಎಂಜಿನ್ನಿನ ಕಾಲದ ತೆರೆದ ವ್ಯಾಗನ್ನಿನ ಮೇಲೆ. ಪ್ರೀತಿ ಎನ್ನುವುದು ಸರಿಯೋ ತಪ್ಪೋ ಈಗ ನನಗೆ ಅನುಮಾನ. ನಾಲ್ಕು ಚಕ್ರ, ಒಂದು ತಳ, ನಾಲ್ಕು ಗೋಡೆ, ಮೇಲೆ ಆಕಾಶ, ಅಷ್ಟೇ ಅದು. ನೆನೆದರೆ ಕೆಡುವ ಅಕ್ಕಿ, ಸಕ್ಕರೆ, ಸಿಮೆಂಟಿಗೆ ಮುಚ್ಚಿದ ವ್ಯಾಗನ್ನು. ನೆನೆದರೂ ಅಳದ ಮಾಲಿಗೆ ಇದು. ಕಲ್ಲಿದ್ದಲು, ಅದಿರು, ಹಳಿಗೆ ಹಾಸುವ ಜಲ್ಲಿ, ಮರದ ದಿಮ್ಮಿ. ಮೊದಲು ಗೋಡೆಗಳು ಹಲಗೆಯವಿದ್ದವಂತೆ, ಆಮೇಲೆ ಕಬ್ಬಿಣದ ತಗಡು ಬಂದು, ಅಂಚಿನುದ್ದಕ್ಕೂ ರಿವೆಟ್ಟುಗಳು ಸಾಲಾಗಿ ಬಂದವು. ಎಂಜಿನ್ನಿಗೆ ಬೇಕಾದ ಕಲ್ಲಿದ್ದಲನ್ನು ತರುವುದೂ ಇದೇ, ಉರಿದು ಉಳಿದ ಬೂದಿಯನ್ನು ಹೊತ್ತು ಹೋಗಿ ಹಳ್ಳಕ್ಕೆ ಸುರಿಯುವುದೂ ಇದೇ. "ಎತ್ತವ್ವನ ಕೆಲ್ಸ ಕಣಮ್ಮ. ತಿನ್ಸೋದೂ ಅವ್ಳೇ, ಬಳಿಯೋದೂ ಅವ್ಳೇ" ಎನ್ನುತ್ತಿದ್ದರು. ಜನ ಎಂಜಿನ್ನಿನ ಪಟ ತೆಗೆಯುತ್ತಾರೆ, ಅದರ ಹಿಂದೆ ಕಟ್ಟಿದ ನಲವತ್ತು ವ್ಯಾಗನ್ನು ಯಾರಿಗೂ ಬೇಡ ಎಂಬ ಮುನಿಸು ಬೇರೆ.

ಒಮ್ಮೆ ಅವರನ್ನು ಶಾಲೆಗೆ ಕರೆದುಕೊಂಡು ಹೋಗಿದ್ದೆ. ಮಕ್ಕಳು ಹೊಗೆ ಬಿಡುವ ರೈಲಿನ ಕಥೆ ಕೇಳಲು ಕಾದಿದ್ದರು. ಇವರು ತರಗತಿಗೆ ಬಂದವರೇ ಮೂಲೆಯಲ್ಲಿದ್ದ ನೀಲಿ ಡ್ರಮ್ಮು ತೋರಿಸಿ, "ಇದ್ರೊಳಗೆ ಏನೈತೆ?" ಎಂದರು. "ಖಾಲೀ..." ಎಂದು ಇಡೀ ತರಗತಿ ರಾಗ ಎಳೆಯಿತು. "ನೋಡುದ್ರಾ?" ಒಬ್ಬಳನ್ನು ಕರೆದು, ಸ್ಟೂಲಿನ ಮೇಲೆ ನಿಲ್ಲಿಸಿ, ಬಗ್ಗಿ ನೋಡಿಸಿದರು. ಒಳಗೆ ಏನೂ ಇರಲಿಲ್ಲ. "ಈಗ ಅನ್ನು" ಎಂದರು. ಅವಳು ಮೆಲ್ಲಗೆ "ಖಾಲಿ" ಎಂದಳು. ಮಕ್ಕಳು ನಕ್ಕರು, ಅವರು ನಗಲಿಲ್ಲ. ಗಂಟೆಗೆ ಮುಂಚೆಯೇ ಅವರನ್ನು ಕಾಫಿಗೆ ಎಬ್ಬಿಸಿಕೊಂಡು ಹೋದೆ.

ಸಂಪು, ಡ್ರಮ್ಮುಗಳಿಗಷ್ಟೇ ಅವರ ಊಟದ ವಿಚಾರಣೆ ಮುಗಿಯುತ್ತಿರಲಿಲ್ಲ. ರಸ್ತೆ ಅಗಲ ಮಾಡಲು ತಂದು ಉರುಳಿಸಿದ್ದ ಚರಂಡಿಯ ದೊಡ್ಡ ಕಾಂಕ್ರೀಟು ಪೈಪುಗಳು, ಮನೆ ಕಟ್ಟುವ ಕಡೆ ಅಗೆದ ಪಾಯದ ಗುಂಡಿಗಳು, ಜಲ್ಲಿ ತುಂಬಲು ಕಾದು ನಿಂತ ಟಿಪ್ಪರುಗಳು, ಬಾಯಿ ತೆರೆದದ್ದು ಯಾವುದೇ ಇರಲಿ, ಬಗ್ಗಿ ಕೇಳಬೇಕು. ಬೈಕಿನ ಹುಡುಗರು "ನಮ್ದು ಆಯ್ತು ತಾತಾ, ನಿಮ್ದು?" ಎಂದು ಕೂಗಿಕೊಂಡು ಹೋಗುತ್ತಿದ್ದರು. ಅವರ ಕೈಯಲ್ಲಿ ಯಾವಾಗಲೂ ಒಂದು ಸ್ಟೀಲ್ ಡಬ್ಬಿ. ಅದರೊಳಗೆ ಒಂದು ಮುದ್ದೆ, ಒಂದಿಷ್ಟು ಸಾರು.

"ಮದ್ವೆ ಆದಾಗ್ಲಿಂದ ಎಲ್ಡು ಡಬ್ಬಿ ಕಟ್ತಿವ್ನಿ ಕಣವ್ವ" ಎಂದು ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ ಹೇಳಿಕೊಂಡು ನಕ್ಕರು. "ಒಂದು ಇವ್ರಿಗೆ. ಇನ್ನೊಂದು ಯಾರ್ಗೆ ಅಂದ್ರೆ ಯೋಳಾಕಿಲ್ಲ. ಮೊದ್ಲು ಇನ್ನೊಬ್ಳು ಅವ್ಳೆ ಅಂದ್ಕೊಂಡು ಅತ್ತೂ ಅತ್ತೂ ಸಾಕಾಯ್ತು. ಆಮ್ಯಾಕೆ ಇರ್ಲಿ ಬುಡು, ಯಾವಳೋ ಒಬ್ಳು ಉಣ್ಣಲಿ ಅಂತ ಬುಟ್ಬುಟ್ಟೆ."

ಒಂದು ಸಲ ನನ್ನ ಕಣ್ಣೆದುರೇ ಒಂದು ಕಾಂಕ್ರೀಟು ಪೈಪು ಉತ್ತರ ಕೊಟ್ಟಿತು. ಶಾಲೆಯಿಂದ ಬರುತ್ತಿದ್ದೆ. ಅವರು ಬಗ್ಗಿ "ಊಟ ಆಯ್ತಾ?" ಎಂದದ್ದಕ್ಕೆ ಒಳಗಿನಿಂದ ಏನೋ ಗೊಣಗಿದ ಸದ್ದು, ಆಮೇಲೆ ಗಡ್ಡದ ಮುಖವೊಂದು ಹೊರಗೆ ಬಂತು. ಇವರು ಡಬ್ಬಿ ಕೊಟ್ಟರು. ಆ ಮನುಷ್ಯ ಅಲ್ಲೇ ಕೂತು ಉಂಡು, ಡಬ್ಬಿ ತೊಳೆಯದೇ ಹಿಂತಿರುಗಿಸಿ, ಒಂದು ಮಾತೂ ಆಡದೆ ರಸ್ತೆ ದಾಟಿ ಹೋದ. ಸಂಜೆಗೆ ಕ್ರೇನು ಬಂದು ಆ ಪೈಪನ್ನು ಎತ್ತಿ ಗುಂಡಿಗಿಳಿಸಿತು. ನಾನು ಗೇಟಿನಲ್ಲೇ ನಿಂತು ನೋಡಿದೆ. ಅವತ್ತಿನಿಂದ ಅವರನ್ನು ಹುಚ್ಚರೆಂದು ಅನ್ನುವುದನ್ನು ಬಿಟ್ಟೆ, ಆದರೆ ಯಾಕೆ ಎಂದು ಕೇಳುವ ಧೈರ್ಯವೂ ಬರಲಿಲ್ಲ.

ಅವರ ತಮ್ಮನ ಮಗ ಮಂಜುನಾಥ. ರಾಜಾನುಕುಂಟೆಯ ಕಡೆ ಇದ್ದ ಕುಟುಂಬದ ರಾಗಿ ಹೊಲ ಲೇಔಟಾದಾಗ ರಸ್ತೆಗೆ ಮುಖ ಮಾಡಿದ ತುಂಡೊಂದನ್ನು ಉಳಿಸಿಕೊಂಡು, ಅಲ್ಲಿ ಹೋಟೆಲು ಕಟ್ಟಿಸುತ್ತಿದ್ದ. ಒಳ್ಳೆಯ ಹುಡುಗ, ಬಾಯಿ ಜೋರು, ದೊಡ್ಡಪ್ಪನೆಂದರೆ ಪ್ರಾಣ. ದೊಡ್ಡಪ್ಪನಿಗೆ ಖುಷಿಯಾಗಲೆಂದೇ ಅವನು ಆ ಕೆಲಸ ಮಾಡಿದ್ದು. ಗುಜರಿಯಲ್ಲಿ ಬಿದ್ದಿದ್ದ ಹಳೇ ತೆರೆದ ವ್ಯಾಗನ್ನೊಂದನ್ನು ಕೊಂಡು, ಟ್ರೇಲರಿನ ಮೇಲೆ ತರಿಸಿ, ಹೋಟೆಲಿನ ಮುಂದೆ ಎರಡು ತುಂಡು ಹಳಿಯ ಮೇಲೆ ನಿಲ್ಲಿಸಿದ.

"ಟೀಚರಮ್ಮ, ಕಾರಲ್ಲಿ ಅಲ್ಲೀಗಂಟ ಬುಟ್ಕೊಡ್ತೀರಾ? ಮಂಜ ಏನೋ ತೋರುಸ್ತಾನಂತೆ" ಎಂದು ಅವರು ಕೇಳಿದಾಗ ಭಾನುವಾರ ಮಧ್ಯಾಹ್ನ. ಹೋದೆವು.

ವ್ಯಾಗನ್ನು ನಿಂತಿತ್ತು. ತುಕ್ಕಿನ ಕೆಂಪು, ಅಲ್ಲಲ್ಲಿ ಕಪ್ಪು. ನಾನು ಅಷ್ಟು ಹತ್ತಿರದಿಂದ ಅಂಥದ್ದನ್ನು ನೋಡಿರಲಿಲ್ಲ. ತಳವೇ ನನ್ನ ಎದೆಯೆತ್ತರಕ್ಕಿತ್ತು, ಅದರ ಮೇಲೆ ಮತ್ತೆ ಗೋಡೆ. ಒಳಗೆ ಏನಿದೆ ಎಂದು ಕೆಳಗೆ ನಿಂತವರಿಗೆ ತಿಳಿಯುವಂತೆಯೇ ಇರಲಿಲ್ಲ. ಮಂಜು ಕೈ ಬೀಸಿ ಬೀಸಿ ವಿವರಿಸುತ್ತಿದ್ದ. "ನಿಮ್ಗೋಸ್ಕರಾನೇ ದೊಡ್ಡಪ್ಪ! ಸ್ಟೀಮ್ ಎಂಜಿನ್ ಕಾಲದ್ದು, ಒರಿಜಿನಲ್ಲು. ಇದ್ರ ತುಂಬ ಕೆಮ್ಮಣ್ಣು ತುಂಬ್ಸಿ ಕಾಗದದ ಹೂ ಹಾಕುಸ್ತೀನಿ. ರೋಡಲ್ಲಿ ಹೋಗೋರೆಲ್ಲ ಗಾಡಿ ನಿಲ್ಸಿ ಸೆಲ್ಫಿ ತಗೋಬೇಕು, ಹಂಗಿರತ್ತೆ."

ಅವರು ವ್ಯಾಗನ್ನಿನ ಬಳಿಗೆ ಹೋದರು. ಒಂದು ಸುತ್ತು ಬಂದರು. ಚಕ್ರದ ಮೇಲಿನ ಎಣ್ಣೆಪೆಟ್ಟಿಗೆ ಮುಟ್ಟಿದರು, ಬಾಗಿಲಿನ ಚಿಲಕದ ಗೂಟ ಮುಟ್ಟಿದರು. ಆಮೇಲೆ ಎಪ್ಪತ್ತು ದಾಟಿದ ಆ ಮನುಷ್ಯ ಎಣ್ಣೆಪೆಟ್ಟಿಗೆಯ ಮೇಲೆ ಕಾಲಿಟ್ಟು, ಅಂಚು ಹಿಡಿದು ಮೇಲಕ್ಕೆ ಜೀಕಿ, ಗೋಡೆಯ ಮೇಲಿಂದ ತಲೆ ಇಣುಕಿ ಕೇಳಿದರು: "ಊಟ ಆಯ್ತೇನಪ್ಪಾ?"

ಮಂಜು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನನಗೆ ನಗು ಬರಲಿಲ್ಲ. ಅವರು ಇಳಿದಾಗ ಅಂಗೈಯೆಲ್ಲ ಕಪ್ಪಾಗಿತ್ತು. ತುಕ್ಕಲ್ಲ, ಕಲ್ಲಿದ್ದಲಿನ ಮಸಿ. ಎಷ್ಟೋ ವರ್ಷದ ಮಳೆ ಬಿಸಿಲು ಕಂಡಮೇಲೂ ರಿವೆಟ್ಟಿನ ಸಂದಿಗಳಲ್ಲಿ ಅದು ಉಳಿದೇ ಇತ್ತು.

"ಅದೇನಾ ಅಜ್ಜಾರ, ನೀವು ಕೆಲಸದಾಗಿದ್ದಾಗ ನೋಡಿದ್ದು?" ಎಂದು ಯಾಕೆ ಕೇಳಿದೆನೋ.

"ಅದೇ ಅಲ್ಲ. ಅದೇ ಜಾತಿ" ಎಂದರು. ಮಂಜು ತರಿಸಿದ ಕಾಫಿಯನ್ನು ಮುಟ್ಟಲಿಲ್ಲ. ಹೊರಡುವಾಗ ಅವನ ತೋಳು ಹಿಡಿದು, "ಮಂಜ, ಇದ ತುಂಬ್ಸೋ ಮುಂಚೆ ನೋಡ್ಬೇಕು ಕಣೋ. ನೋಡ್ದೆ ಒಂದು ಬುಟ್ಟಿ ಮಣ್ಣೂ ಆಕ್ಬೇಡ. ಮಾತು ಕೊಡು" ಎಂದರು. "ಆಯ್ತು ದೊಡ್ಡಪ್ಪ, ನೋಡ್ದೆ ಹಾಕ್ಸಲ್ಲ, ಸಾಕಾ?" ಎಂದು ಅವನು ಕೈಮೇಲೆ ಕೈಯಿಟ್ಟ.

ಬರುವಾಗ ರೈಲ್ವೆ ಗೇಟು ಬಿದ್ದಿತ್ತು. ಕಾರು ನಿಲ್ಲಿಸಿದೆ. ಗೂಡ್ಸ್ ಗಾಡಿಯೊಂದು ಬಂತು. ಈಗಿನ ಕಾಲದ ಎತ್ತರದ ತೆರೆದ ವ್ಯಾಗನ್ನುಗಳು, ಯಾವುದರಲ್ಲೂ ಮಾಲಿಲ್ಲ. ಮಾಲಿಲ್ಲದವು ಮಾಡುವ ಆ ಗಡಗಡ ಸದ್ದೇ ಬೇರೆ, ಎದೆಯೊಳಗೆ ಬಂದು ಬಡಿಯುತ್ತದೆ. ಅವರು ಕಿಟಕಿಯ ಗಾಜು ಇಳಿಸಿ, ಒಂದೊಂದರ ಮೇಲಂಚನ್ನೂ ನೋಡುತ್ತಾ, ನನ್ನ ಕಡೆ ತಿರುಗದೆಯೇ ಮಾತು ಶುರುಮಾಡಿದರು.

"ಆಗ ನಾನು ಒಸಬ. ದೂರದ ಗಣಿಯಿಂದ ಕಲ್ಲಿದ್ದಲು ದೊಡ್ಡ ಲೈನಲ್ಲಿ ಬರೋದು. ನಮ್ ಕಡೆ ಇಂಜಿನ್ಗೋಳೆಲ್ಲ ಚಿಕ್ಕ ಲೈನು, ಕಂಬಿ ಅಗ್ಲ ಕಮ್ಮಿ. ಅದುಕ್ಕೆ ಯಾರ್ಡಲ್ಲಿ ದೊಡ್ಡ ವ್ಯಾಗನ್ನ ದಿಬ್ಬದ್ ಮ್ಯಾಲೆ ನಿಲ್ಸಿ, ಚಿಕ್ಕ ವ್ಯಾಗನ್ನ ಅದ್ರ ಬುಡುಕ್ಕೆ ತಂದು, ಬಾಗ್ಲು ತೆಗೆದು ಸುರಿಯೋರು. ಮಾಲಿಲ್ದೆ ಬರೋ ಚಿಕ್ಕ ವ್ಯಾಗನ್ಗೋಳಲ್ಲಿ ಜನ ಮಲಗ್ಕೊಂಡ್ ಬತ್ತಿದ್ರು. ಟಿಕೇಟಿಲ್ದೋರು, ಮನೆ ಬುಟ್ಟೋರು, ಕೂಲಿ ಉಡೀಕ್ಕೊಂಡ್ ಓಗೋರು. ಕೆಳಗ್ ನಿಂತೋರ್ಗೆ ಕಾಣಾಕಿಲ್ಲ, ನೀವೇ ನೋಡುದ್ರಲ್ಲ. ಅದುಕ್ಕೆ ಸುರಿಯೋ ಮುಂಚೆ ಸುತ್ಗೇಲಿ ಮೂರು ಸಲ ಬಡಿದು 'ಯಾರ್ಲಾ ಒಳ್ಗೆ, ಇಳೀರ್ಲಾ' ಅಂತ ಕೂಗ್ಬೇಕು. ಮುಂಚಿನೋರು ಆಕ್ಕೊಟ್ಟ ಪದ್ಧತಿ. ನನ್ ಕೆಲ್ಸ ಅದು."

ವ್ಯಾಗನ್ನುಗಳು ಹೋಗುತ್ತಲೇ ಇದ್ದವು.

"ಬಡ್ದೆ. ಕೂಗ್ದೆ. ಉಸ್ರಿಲ್ಲ. ಮ್ಯಾಲಿದ್ದೋರ್ಗೆ 'ಖಾಲಿ' ಅಂದೆ. ಸುರುದ್ರು."

ನಾನು ಸ್ಟೀರಿಂಗು ಹಿಡಿದುಕೊಂಡು ಕೂತಿದ್ದೆ. ಮುಂದೆ ಏನೆಂದು ಗೊತ್ತಾಗಿಹೋಗಿತ್ತು, ಆದರೂ ಗೇಟು ಏಳಲಿಲ್ಲ.

"ಎಲ್ಡು ದಿನುಕ್ಕೆ ಇಂಜಿನ್ ಶೆಡ್ಡಲ್ಲಿ ಆ ವ್ಯಾಗನ್ ಬಾಗ್ಲು ತೆಗುದ್ರು. ನನ್ನ ಕರ್ಸುದ್ರು. ಮೂಲೇಲಿ ಒಬ್ಬ ಕುಕ್ಕರ್ಗಾಲಲ್ಲಿ ಕುಂತವ್ನೆ. ಕೈ ಎಲ್ಡೂ ಇಂಗೆ." ಅವರು ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ತಮ್ಮ ಬಾಯಿಗೆ ಒತ್ತಿಕೊಂಡು ತೋರಿಸಿದರು. ವ್ಯಾಗನ್ನಿನ ಮಸಿ ಇನ್ನೂ ಆ ಕೈಗಳ ಮೇಲಿತ್ತು. ಕೈ ತೆಗೆದಮೇಲೂ ತುಟಿಯ ಸುತ್ತ ಕಪ್ಪು ಉಳಿಯಿತು.

"ತಾನೇ ಮುಚ್ಕೊಂಡಿದ್ದ ಕಣಮ್ಮ. ಉಸ್ರು ಕೂಡ ಆಚೀಕ್ ಬರ್ಬಾರ್ದು ಅಂತ. ಬಡ್ದೋನು ಪೋಲೀಸ್ನೋನು ಅಂದ್ಕೊಂಡ. ಆಮ್ಯಾಕೆ ಕಲ್ಲಿದ್ದಲು ಬಿತ್ತಲ್ಲ, ಕೈ ಎಲ್ಲಿ ತೆಗೆಯೋಕಾಯ್ತದೆ? ನಮ್ ಜಮೇದಾರ 'ನೀನು ಬಡ್ದಿದ್ದೆ ತಾನೇ? ಬುಡು, ನಿಂದೇನೂ ಇಲ್ಲ' ಅಂದ. ಬಡ್ದಿದ್ದುಕ್ಕೇ ಅಲ್ವಾ ಅವ್ನು ಸುಮ್ಕಿದ್ದುದ್ದು?"

ಆಮೇಲೆ ಅವರು ಸುತ್ತಿಗೆಯನ್ನು ಚಕ್ರಕ್ಕಷ್ಟೇ ಬಡಿದರು, ಗೋಡೆಗೆ ಬಡಿಯಲಿಲ್ಲ. ಮೇಲೆ ಹತ್ತಿ ನೋಡತೊಡಗಿದರು. ಹಾಗೆ ನೋಡಿದಾಗ ಸಿಕ್ಕ ಒಬ್ಬ ಅಲೆಮಾರಿಯನ್ನೇ, ಏನೆಂದು ಕರೆದರೆ ನೀವು ಹೊರಗೆ ಬರುತ್ತೀರಪ್ಪ ಎಂದು ಕೇಳಿದರಂತೆ. 'ಯಾರು ಅಂದ್ರೆ ಬರಲ್ಲ, ಇಳಿ ಅಂದ್ರೂ ಬರಲ್ಲ. ಊಟ ಅಂದ್ರೆ ಬತ್ತೀವಿ' ಎಂದನಂತೆ ಅವನು. "ಕೇಳಿದ್ಮ್ಯಾಲೆ ಕೊಡ್ಬೇಕಲ್ಲ ಟೀಚರಮ್ಮ. ಅದುಕ್ಕೆ ಇನ್ನೊಂದು ಡಬ್ಬಿ."

"ಮನ್ಯಾಗ ಹೇಳೀರೇನು?"

"ಇಲ್ಲ. ಮುದ್ದೆ ಕಟ್ಟೋ ಕೈಗೆ ಇದೆಲ್ಲ ಯಾಕೆ."

ಗೇಟು ಎದ್ದಿತು. ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ನನಗೆ ಅವರ ಮೇಲೆ ಸಿಟ್ಟು ಬಂದಿತ್ತು. ಇಷ್ಟು ವರ್ಷ ಹೆಂಡತಿಗೂ ಹೇಳದ್ದನ್ನು ನನ್ನ ತಲೆಗೆ ಕಟ್ಟಿ, ತಾವು ಗಾಜು ಏರಿಸಿಕೊಂಡು ನೆಮ್ಮದಿಯಾಗಿ ಕೂತಿದ್ದರಲ್ಲ ಎಂದು. ಆದರೆ ಅವರು ನೆಮ್ಮದಿಯಾಗಿ ಕೂತಿರಲಿಲ್ಲ. ಮನೆ ಬರುವ ತನಕ ತುಟಿಯ ಕಪ್ಪು ಒರೆಸಿಕೊಳ್ಳುತ್ತಲೇ ಇದ್ದರು.

ಆ ವರ್ಷ ಮಳೆ ಬೇಗ ಬಂತು. ವ್ಯಾಗನ್ನಿನ ತಳದ ತೂತುಗಳಿಂದ ಕಪ್ಪು ನೀರು ಸೋರಿ ಹೋಟೆಲಿನ ಮುಂದಿನ ಹೊಸ ಟೈಲ್ಸ್ ಮೇಲೆಲ್ಲ ಹರಿಯಿತು. ತೊಳೆದಷ್ಟೂ ಮತ್ತೆ ಬರುತ್ತಿತ್ತು. ಮಂಜು ಪೇಚಾಡಿಕೊಂಡು ಫೋಟೋ ಕಳಿಸಿದ. ನಾನು ಫೋನನ್ನು ಅವರಿಗೆ ತೋರಿಸಿದೆ. "ಇನ್ನೂ ಇಳೀತಾ ಐತೆ" ಎಂದಷ್ಟೇ ಹೇಳಿ ಫೋನು ಹಿಂತಿರುಗಿಸಿದರು.

ಅದಾದಮೇಲೆ ಅವರು ಕುರ್ಚಿಯಲ್ಲಿ ಕೂರುವುದು ಕಡಿಮೆಯಾಯಿತು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. "ನನ್ನೂ ಸಿಕ್ ಲೈನಿಗೆ ತಳ್ಳವ್ರೆ ಟೀಚರಮ್ಮ, ಬೆನ್ ಮ್ಯಾಲೆ ಸೀಮೆಸುಣ್ಣ ಐತಾ ನೋಡಿ" ಎಂದು ನಗುತ್ತಿದ್ದರು. ಆದರೆ ನಾನು ಹೋದಾಗಲೆಲ್ಲ ಮೊದಲ ಪ್ರಶ್ನೆ ಒಂದೇ: "ತುಂಬುದ್ರಾ?" ಇಲ್ಲ ಎನ್ನುತ್ತಿದ್ದೆ. "ಮಂಜ ಮಾತು ಕೊಟ್ಟವ್ನೆ" ಎಂದು ತಮಗೆ ತಾವೇ ಹೇಳಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕೊನೆಯ ಸಲ ಹೋದಾಗ ಮಾತು ಹೊರಡಲಿಲ್ಲ. ನನ್ನ ಕೈ ಹಿಡಿದು, ಬೆರಳಿನಿಂದ ತಮ್ಮ ಕಣ್ಣು ಮುಟ್ಟಿಕೊಂಡು, ಆಮೇಲೆ ನನ್ನ ಕಣ್ಣಿನ ಕಡೆ ತೋರಿಸಿದರು. "ಆತ್ರಿ ಅಜ್ಜಾರ, ನಾ ನೋಡ್ತೀನಿ" ಎಂದೆ. ಸಾಯುತ್ತಿರುವವರಿಗೆ ಎಲ್ಲರೂ ಏನೋ ಒಂದು ಒಪ್ಪಿಕೊಳ್ಳುತ್ತೇವಲ್ಲ, ಹಾಗೆ ಒಪ್ಪಿಕೊಂಡಿದ್ದೆ.

ಅವರ ಕುಲದಲ್ಲಿ ಹೂಳುವ ಪದ್ಧತಿ. ಉಳಿದಿದ್ದ ಆ ತುಂಡು ಹೊಲದ ಹಿಂಬದಿಯಲ್ಲಿ, ಹೋಟೆಲಿನ ಕಾಂಪೌಂಡಿಗೆ ತಾಗಿ, ಅವರ ಅಪ್ಪ ಅವ್ವನ ಸಮಾಧಿಯ ಪಕ್ಕದಲ್ಲೇ ಮಣ್ಣು ಮಾಡಿದರು. ಹನ್ನೊಂದನೇ ದಿನದ ಕಾರ್ಯವೂ ಅಲ್ಲೇ. ಶಾಮಿಯಾನ ಹಾಕಿಸಿದ್ದರು. ಅಡಿಗೆಯವರಿಗೆ ಜಾಗ ಬೇಕೆಂದು, ಹೋಟೆಲು ಕಟ್ಟುವ ಕೂಲಿಯವರು ಮಲಗುತ್ತಿದ್ದ ತಗಡಿನ ಶೆಡ್ಡನ್ನು ಅವತ್ತಿನ ಮಟ್ಟಿಗೆ ಬಿಡಿಸಿ ಒಲೆ ಹೂಡಿದ್ದರು.

ಮಂಜು ತಲೆ ಬೋಳಿಸಿಕೊಂಡು ಬಿಳಿ ಪಂಚೆಯಲ್ಲಿ ಓಡಾಡುತ್ತಿದ್ದ. ನನ್ನನ್ನು ನೋಡಿ ಅವನ ಕಣ್ಣು ತುಂಬಿತು. "ಬನ್ನಿ ಟೀಚರ್, ಊಟಕ್ಕೆ ಕೂತ್ಕೊಳಿ. ದೊಡ್ಡಪ್ಪಂಗೆ ಇಷ್ಟ ಅಂತ ಮುದ್ದೇನೂ ಮಾಡ್ಸಿದೀನಿ" ಎಂದ. ಪಂಕ್ತಿಯಲ್ಲಿ ಕೂತೆ. ನನ್ನ ಜಾಗದಿಂದ ಸೈಡಿನಲ್ಲಿ ವ್ಯಾಗನ್ನು ಕಾಣುತ್ತಿತ್ತು. ಅದರ ಪಕ್ಕ ಕೆಮ್ಮಣ್ಣಿನ ಗುಡ್ಡೆ, ಗುಡ್ಡೆಯ ಪಕ್ಕ ಒಂದು ಜೆಸಿಬಿ. ಮರುದಿನ ಅದು ಬೇರೆ ಕಡೆಗೆ ಬಾಡಿಗೆಗೆ ಹೋಗುವುದಿತ್ತಂತೆ, ಅದಕ್ಕೇ ಅವತ್ತೇ 'ಒಂದು ಅರ್ಧ ಗಂಟೆ ಕೆಲಸ' ಮುಗಿಸಿಬಿಡುವುದೆಂದು ಮೇಸ್ತ್ರಿ ಹೊರಟಿದ್ದ.

ಎಲೆಗೆ ಸಾರು ಬೀಳುತ್ತಿತ್ತು. ಮಂಜು ನನ್ನ ಎದುರಿನಿಂದಲೇ ಕೂಗಿ ಹೇಳಿದ: "ಮೇಸ್ತ್ರೀ, ಒಳಗೆ ಯಾರಾದ್ರೂ ಇದಾರಾ ನೋಡ್ಬಿಟ್ಟೇ ಹಾಕ್ಸು. ದೊಡ್ಡಪ್ಪಂಗೆ ಮಾತು ಕೊಟ್ಟಿದೀನಿ."

"ಆಯ್ತು ಸಾರ್" ಎಂದು ಮೇಸ್ತ್ರಿ ಕಬ್ಬಿಣದ ಸಲಾಕಿ ಎತ್ತಿಕೊಂಡು ವ್ಯಾಗನ್ನಿನ ಗೋಡೆಗೆ ಬಡಿದ. ಮೂರು ಸಲ. ಆ ಸದ್ದಿಗೆ ಪಂಕ್ತಿಯವರೆಲ್ಲ ಅತ್ತ ತಿರುಗಿದರು. "ಯಾರ್ರೋ ಒಳಗೆ! ಇಳೀರ್ರೋ!" ಎಂದು ಗದರಿಸಿದ. ಯಾರೂ ಇಳಿಯಲಿಲ್ಲ. ಅವನು ಮಂಜುವಿನ ಕಡೆ ತಿರುಗಿ ಕೈ ಅಲ್ಲಾಡಿಸಿದ.

"ಖಾಲಿ ಸಾರ್!"

ಮಂಜು ತಲೆಯಾಡಿಸಿದ. ಕೊಟ್ಟ ಮಾತು ನಡೆಸಿದ ಸಮಾಧಾನ ಅವನ ಮುಖದಲ್ಲಿತ್ತು. ಅವನದೇನೂ ತಪ್ಪಿಲ್ಲ. ದೊಡ್ಡಪ್ಪ ಅವನಿಗೆ ನೋಡು ಎಂದಿದ್ದರೇ ಹೊರತು ಯಾಕೆ ಎಂದು ಹೇಳಿರಲಿಲ್ಲ. ಜೆಸಿಬಿ ಗುಡ್ಡೆಗೆ ಬಾಯಿ ಹಾಕಿ, ಒಂದು ಬಕೆಟ್ ಮಣ್ಣು ಎತ್ತಿ, ತಿರುಗಿತು.

ಸತ್ತವರ ಹೆಸರಿನ ಎಲೆಯಿಂದ ಅರ್ಧಕ್ಕೆ ಏಳಬಾರದೆಂದು ನನಗೆ ಗೊತ್ತು. ಎದ್ದೆ. ಎಂಜಲು ಕೈಯಲ್ಲೇ ಓಡಿದೆ. ರೇಷ್ಮೆ ಸೀರೆ, ಮಂಡಿನೋವು, ನನ್ನಿಂದ ಮೇಲೆ ಹತ್ತುವುದು ಆಗದ ಮಾತು. ಬಕೆಟ್ಟು ಗೋಡೆಯ ಮೇಲಕ್ಕೆ ಬಂದಾಗಿತ್ತು. "ನಿಲ್ಸ್ರೀ!" ಎಂದು ಡ್ರೈವರಿಗೆ ಕಿರುಚಿದೆ. ಅವನು ಗಾಬರಿಯಾಗಿ ಲಿವರು ಬಿಟ್ಟ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಟೀಚರಮ್ಮನಿಗೂ ತಾತನ ಹುಚ್ಚು ಹತ್ತಿತು ಎಂದು ಯಾರೋ ಅಂದದ್ದೂ ಕಿವಿಗೆ ಬಿತ್ತು. ಕಾದ ತಗಡಿಗೆ ಮುಖ ತಾಗುವಷ್ಟು ಹತ್ತಿರ ನಿಂತು, ಆದಷ್ಟು ಮೆತ್ತಗೆ ಕೇಳಿದೆ.

"ಊಟ ಆತೇನಪಾ?"

ಎಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಮೇಸ್ತ್ರಿ ಹಿಂದಿನಿಂದ "ನೋಡ್ದೆ ಮೇಡಂ, ಯಾರೂ ಇಲ್ಲ" ಎಂದ. ನಾನು ಮತ್ತೆ ಕೇಳಿದೆ. ಒಳಗೆ ತಗಡಿನ ಮೇಲೆ ಏನೋ ಸರಿದಂತಾಯಿತು.

"ಇಲ್ರೀ ಯಕ್ಕಾ" ಎಂದಿತು ಒಂದು ಹೆಣ್ಣು ದನಿ. ನಮ್ಮ ಕಡೆಯ ಮಾತು. "ಇನ್ನಾ ಇಲ್ರೀ."

ನಿಧಾನವಾಗಿ ಗೋಡೆಯ ಮೇಲೆ ಒಂದು ತಲೆ ಮೂಡಿತು. ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವಳು. ಬೆಳಿಗ್ಗೆಯಿಂದ ಮೈ ಸುಡುವ ಜ್ವರ. ಮಲಗುತ್ತಿದ್ದ ಶೆಡ್ಡಿನಲ್ಲಿ ಒಲೆ ಉರಿಯುತ್ತಿತ್ತು, ಅದಕ್ಕೆ ವ್ಯಾಗನ್ನಿಗೆ ಹತ್ತಿ, ಒಳಗೆ ಗೋಡೆಯ ನೆರಳಿನಲ್ಲಿ ಮುದುಡಿ ಮಲಗಿದ್ದಳು. ಕೆಲಸದ ಹೊತ್ತಿನಲ್ಲಿ ಮಲಗಿದವರನ್ನು ಮೇಸ್ತ್ರಿ ಅಲ್ಲಿಂದಲ್ಲೇ ಕೆಲಸ ಬಿಡಿಸಿ ಓಡಿಸುತ್ತಾನೆ. ಬಡಿದವನು ಅವನೇ ಎಂದು ತಿಳಿದು ಸುಮ್ಮನಿದ್ದಳು. ಎದ್ದು ನಿಂತಮೇಲೂ ಸೆರಗಿನ ಉಂಡೆಯನ್ನು ಎರಡೂ ಕೈಯಿಂದ ಮತ್ತೆ ಬಾಯಿಗೆ ಒತ್ತಿ ಹಿಡಿದಿದ್ದಳು.

ಮಂಜು ಕಂಬದ ಬುಡದಲ್ಲಿ ಕುಸಿದು ಕೂತ. ಅವಳನ್ನು ಇಬ್ಬರು ಹೆಂಗಸರು ಇಳಿಸಿಕೊಂಡರು. ತಾತನ ಹೆಂಡತಿ ಅಷ್ಟು ಹೊತ್ತು ಶಾಮಿಯಾನದ ಮೂಲೆಯಲ್ಲಿ ಕಾಂಪೌಂಡು ಗೋಡೆಗೊರಗಿ ಕೂತಿದ್ದವರು ಎದ್ದು ಬಂದರು. ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದರು, ಅವಳ ಕೈ ಹಿಡಿದು ಬಾಯಿಯಿಂದ ಬಿಡಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಡ್ನೇ ಡಬ್ಬಿ ಇಂಥೋರ್ಗಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ಇನ್ನೇನೂ ಕೇಳದೆ ಅವಳನ್ನು ನನ್ನ ಎಲೆಯ ಪಕ್ಕದಲ್ಲೇ ಕೂರಿಸಿ, ತಾವೇ ಮುದ್ದೆ ತಂದು ಬಡಿಸಿದರು.

ಡ್ರೈವರ್ ಎಂಜಿನ್ನು ಆರಿಸುವುದನ್ನೇ ಮರೆತಿದ್ದ. ಬಕೆಟ್ಟು ಇನ್ನೂ ಮೇಲೆಯೇ ಇತ್ತು, ಅದರ ಹಲ್ಲುಗಳ ಸಂದಿಯಿಂದ ಕೆಂಪು ಮಣ್ಣು ಸ್ವಲ್ಪಸ್ವಲ್ಪವೇ ಅವಳು ಮಲಗಿದ್ದ ಜಾಗಕ್ಕೆ ಬೀಳುತ್ತಿತ್ತು.